ಗುಂಡಿ ತೋಡುವವಳು

ನಮ್ಮಮ್ಮ ಬದುಕಿದ್ದಾಗ, ಹೆಣ್ಣುಮಕ್ಕಳು ಏನು ಮಾಡುತ್ತಿದ್ದಾರೆ ಎಂದು ಯಾರಾದರೂ ಕೇಳಿದರೆ, "ದೊಡ್ಡೋಳು ಗುಂಡಿ ಹಾಕ್ತಾಳೆ, ಚಿಕ್ಕೋಳು ಗುಂಡಿ ತೋಡ್ತಾಳೆ" ಎಂದುಬಿಡುತ್ತಿದ್ದಳು. ಕೇಳಿದವರು ಕಕ್ಕಾಬಿಕ್ಕಿಯಾಗಿ ಮಾತು ಬದಲಿಸುತ್ತಿದ್ದರು. ಆದರೆ ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ಅಕ್ಕನದು ಬಟ್ಟೆ ಸರಿಮಾಡಿಕೊಡುವ ಅಂಗಡಿ. ಕೀಲಿ ಮಾಡುವವನ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡ, ಎರಡು ಮೆಷಿನ್ನು ಇಟ್ಟರೆ ಮೂರನೆಯವರು ಹೊರಗೆ ನಿಲ್ಲಬೇಕಾದ ಜಾಗ. ಷರಟಿಗೆ ಗುಂಡಿ, ಪ್ಯಾಂಟಿಗೆ ಜಿಪ್ಪು, ಉದ್ದವಾದದ್ದಕ್ಕೆ ಮಡಿಕೆ, ಬಿಗಿಯಾದದ್ದಕ್ಕೆ ಪಕ್ಕದಲ್ಲಿ ಸಡಿಲ, ಇದು ಅವಳ ಕೆಲಸ. ನನ್ನದು ಮೊಬೈಲ್ ಆಟಕ್ಕೆ ಲೆವೆಲ್ ಮಾಡುವ ಕೆಲಸ.

ನಮ್ಮ ಆಟ ಬಹಳ ಸರಳ. ಒಂದು ಮೇಕೆಮರಿ ಎಡದಿಂದ ಬಲಕ್ಕೆ ತಾನಾಗಿಯೇ ಓಡುತ್ತಿರುತ್ತದೆ. ಪರದೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೆಗೆಯುತ್ತದೆ, ಒತ್ತಿ ಹಿಡಿದರೆ ದೂರಕ್ಕೆ ನೆಗೆಯುತ್ತದೆ, ಬಿಟ್ಟರೆ ಇಳಿಯುತ್ತದೆ. ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಅನ್ನುವುದರಲ್ಲೇ ಆಟವೆಲ್ಲ. ಚೌಕ ಚೌಕವಾಗಿ ಭಾಗ ಮಾಡಿದ ಮರಿಯ ದಾರಿಯಲ್ಲಿ ಹಲಗೆಗಳಿರುತ್ತವೆ, ಮುಳ್ಳಿರುತ್ತದೆ, ಹಲಗೆ ಹಲಗೆಯ ನಡುವೆ ಗುಂಡಿ ಇರುತ್ತದೆ. ಒಂದು ಗುಂಡಿ ಎಷ್ಟು ಚೌಕ ಅಗಲ ಇರಬೇಕು, ಅದಾದ ಮೇಲೆ ಉಸಿರು ಬಿಡಲು ಎಷ್ಟು ಜಾಗ ಕೊಡಬೇಕು, ಎಲ್ಲಿ ಆಸೆ ಹುಟ್ಟಿಸಬೇಕು, ಎಲ್ಲಿ ಬೀಳಿಸಬೇಕು ಎಂದು ಕೂತು ಯೋಚಿಸಿ ಜೋಡಿಸುವವಳು ನಾನು. ಅಂಥ ಒಂದೊಂದು ಜೋಡಣೆಗೆ ಲೆವೆಲ್ ಎಂದು ಹೆಸರು. ವಾರಕ್ಕೆ ಎರಡು ಲೆವೆಲ್ ಕೊಡಬೇಕಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಗುಂಡಿಯ ಅಳತೆ ಸಿಗುತ್ತಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ದಿನವಿಡೀ ಆಡಿ ಆಡಿ ಪಳಗಿದವರು, ಅವರಿಗೆ ಯಾವುದೂ ಕಷ್ಟವಲ್ಲ. ಒಂದು ಭಾನುವಾರ ಬೆಳಿಗ್ಗೆ ಫೋನನ್ನು ಅಕ್ಕನ ಮುಂದೆ ಇಟ್ಟೆ. ಅವಳು ಆವರೆಗೆ ಯಾವ ಆಟವನ್ನೂ ಆಡಿದವಳಲ್ಲ. ಕನ್ನಡಕ ಏರಿಸಿಕೊಂಡು, ಸೂಜಿಗೆ ದಾರ ಪೋಣಿಸುವಾಗ ಮಾಡುವ ಹಾಗೆ ನಾಲಿಗೆಯ ತುದಿಯನ್ನು ಹಲ್ಲಿನ ಮಧ್ಯೆ ಹಿಡಿದು ಆಡಿದಳು. ಮೂರು ಸಲ ಬಿದ್ದಳು. ನಾಲ್ಕನೆಯ ಸಲ ದಾಟಿ ಮೇಜಿನ ಮೇಲೆ ಅಂಗೈ ಬಡಿದಳು. ಆ ಲೆವೆಲ್ಲು ಹೊರಗೆ ಹೋದ ಮೇಲೆ ಜನ ಅದನ್ನೇ ಹೆಚ್ಚು ಮೆಚ್ಚಿಕೊಂಡರು. ಅಲ್ಲಿಂದಾಚೆಗೆ ಅಕ್ಕನೇ ನನ್ನ ಅಳತೆಗೋಲು. ಅವಳು ಮೂರು ಸಲ ಬಿದ್ದು ನಾಲ್ಕಕ್ಕೆ ದಾಟಿದರೆ ಲೆವೆಲ್ ಸರಿ. ಮೊದಲನೇ ಸಲಕ್ಕೇ ದಾಟಿದರೆ, ಇದೇನು ಲೆವೆಲ್ಲೋ ನಡುಮನೆಯೋ ಎಂದು ಅಣಕಿಸುತ್ತಿದ್ದಳು, ನಾನು ಗುಂಡಿ ಅಗಲ ಮಾಡುತ್ತಿದ್ದೆ. ಹತ್ತು ಸಲ ಬಿದ್ದರೆ ಫೋನನ್ನು ಬೋರಲು ಹಾಕಿ ಕೂರುತ್ತಿದ್ದಳು.

"ಇದು ಮೋಸ ಕಣೇ" ಎನ್ನುತ್ತಿದ್ದಳು. "ಬಿದ್ರೆ ನನ್ ತಪ್ಪಿಂದ ಬೀಳ್ಬೇಕು. ನಿನ್ ತಪ್ಪಿಂದ ನಾನ್ ಯಾಕೆ ಬೀಳ್ಲಿ?"

ಈ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಆ ಒಂದು ಮಾತಿನೊಳಗಿದೆ.

ಹೀಗೆ ಸುಮಾರು ಮೂರು ವರ್ಷ. ಮನೆಯಲ್ಲಿ ನಾವು ಮೂವರು: ಅಕ್ಕ, ಭಾವ, ನಾನು. ಭಾವ ಲಿಫ್ಟ್ ರಿಪೇರಿ ಮಾಡುವವರು. ಹಗಲೆಲ್ಲ ದೊಡ್ಡ ಕಟ್ಟಡಗಳ ಕತ್ತಲೆ ಕೊಳವೆಯಲ್ಲಿ ತೂಗಾಡಿ ಬಂದು ಮನೆಯಲ್ಲಿ ಮಾತಿಗೆ ಬಡವರಾಗಿಬಿಡುತ್ತಿದ್ದರು. ಮಾತಿನ ಬಾಬ್ತು ಇಬ್ಬರದ್ದನ್ನೂ ಅಕ್ಕನೇ ನೋಡಿಕೊಳ್ಳುತ್ತಿದ್ದಳು. ಭಾನುವಾರ ಅವರು ಪಾತ್ರೆ ತೊಳೆಯುವಾಗ ನಾವಿಬ್ಬರು ಕಿಟಕಿಯ ಪಕ್ಕದ ಮೇಜಿಗೆ ಕೂರುತ್ತಿದ್ದೆವು. ಅಕ್ಕ ಆಡುತ್ತ ಮೇಕೆಮರಿಗೆ ಬಯ್ಯುತ್ತಿದ್ದಳು. ನಾನು ಎದುರಿಗೆ ಕೂತು, ಎಷ್ಟನೇ ಚೌಕದಲ್ಲಿ ಬಿದ್ದಳು, ಒತ್ತಿದ್ದು ತಡವಾಯಿತೋ ಬಿಟ್ಟದ್ದು ಬೇಗವಾಯಿತೋ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ.

ಆಟ ಇನ್ನೂರ ತೊಂಬತ್ತನೇ ಲೆವೆಲ್ಲಿಗೆ ಬಂದಾಗ ನಮ್ಮ ತಂಡದ ಮುಖ್ಯಸ್ಥ ನನ್ನನ್ನು ಒಳಗೆ ಕರೆದ. ಅವನನ್ನು ನಾವೆಲ್ಲ ಹಿಂದಿನಿಂದ ಗ್ರಾಫಣ್ಣ ಎನ್ನುತ್ತಿದ್ದೆವು. ಆಟಗಾರರು ಎಲ್ಲಿ ಬೀಳುತ್ತಾರೆ, ಎಲ್ಲಿ ಬೇಸತ್ತು ಬಿಟ್ಟುಹೋಗುತ್ತಾರೆ ಎಲ್ಲವೂ ಅವನ ಪರದೆಯ ಮೇಲೆ ಗೆರೆಯಾಗಿ ಬರುತ್ತಿತ್ತು. ಊಟ ರುಚಿಯಾಗಿದೆಯೇ ಎಂದು ಕೇಳಿದರೂ ಗೆರೆ ಎಳೆದು ತೋರಿಸುವ ಆಸಾಮಿ, ಆದರೆ ಕೆಟ್ಟವನಲ್ಲ. ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಆಟಗಾರರು ಹೊಸ ಲೆವೆಲ್‌ಗಳಲ್ಲಿ ಬೀಳುತ್ತಲೇ ಇಲ್ಲ ಎಂದ. ಬೀಳದೆ ಇರುವುದರಿಂದ ಅವರಿಗೆ ದಾಟಿದ ಖುಷಿಯೂ ಇಲ್ಲ, ಬಿಟ್ಟುಹೋಗುತ್ತಿದ್ದಾರೆ. ಯಾಕೆಂದು ನೋಡಲು ಅವನು ನನ್ನ ಎಲ್ಲಾ ಲೆವೆಲ್‌ಗಳ ಗುಂಡಿಗಳನ್ನು ಅಳೆಸಿದ್ದ.

ಪರದೆಯ ಮೇಲೆ ಒಂದೇ ಗೆರೆ. ಮೊದಲ ನೂರ ಎಂಬತ್ತು ಲೆವೆಲ್‌ಗಳವರೆಗೆ ಅದು ಸಣ್ಣಸಣ್ಣ ಏರಿಳಿತದೊಡನೆ ಮೇಲಕ್ಕೇ ಹೋಗಿ, ಸರಾಸರಿ ಗುಂಡಿ ನಾಲ್ಕು ಚೌಕಕ್ಕಿಂತ ತುಸು ಜಾಸ್ತಿ ಆಗಿತ್ತು. ಅಲ್ಲಿಂದ ಇಳಿಜಾರು. ಇನ್ನೂರರಲ್ಲಿ ತುಸು ಕೆಳಗೆ, ಇನ್ನೂರೈವತ್ತರಲ್ಲಿ ಇನ್ನೂ ಕೆಳಗೆ, ಇನ್ನೂರ ತೊಂಬತ್ತರಲ್ಲಿ ಎರಡೂವರೆ ಚೌಕ. ಏರಿಳಿತವೂ ಇಲ್ಲ. ಯಾರೋ ಸ್ಕೇಲ್ ಇಟ್ಟು ಗೀಚಿದ ಹಾಗಿತ್ತು.

"ಬೇಕಂತ ಮಾಡಿದ್ರಾ?" ಎಂದು ಕೇಳಿದ. ಇಲ್ಲ ಎಂದೆ. "ಹಂಗಾದ್ರೆ ಇಷ್ಟು ನೀಟಾಗಿ ಹೆಂಗೆ ಇಳೀತು?"

ಕೆಲಸದಲ್ಲಿ ಬೇಸರವೇ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಮೆಲ್ಲಗೆ ವಿಚಾರಿಸಿದ. ಮನೆಯಲ್ಲಿ ಎಲ್ಲ ಚೆನ್ನಾಗಿದೆ ಎಂದು ಹೇಳಲು ಬಾಯಿ ತೆರೆದೆ. ಮತ್ತೆ ಗೆರೆಯ ಕಡೆ ನೋಡಿದೆ. ಈ ಗುಂಡಿಗಳಲ್ಲಿ ಒಂದನ್ನೂ ನಾನು ನನ್ನ ಅಂದಾಜಿನಲ್ಲಿ ಅಳೆದಿರಲಿಲ್ಲ. ಪ್ರತಿಯೊಂದನ್ನೂ ಅಕ್ಕ ಮೂರು ಸಲ ಬಿದ್ದು ನಾಲ್ಕಕ್ಕೆ ದಾಟುವಂತೆ ಸರಿಮಾಡಿದ್ದೆ.

ನನ್ನ ಮೇಜಿಗೆ ಬಂದು ನೋಟ್‌ಬುಕ್ಕುಗಳನ್ನು ತೆಗೆದೆ. ತಾರೀಖುಗಳನ್ನು ನೋಡುತ್ತ ಹೋದೆ. ನೂರ ಎಂಬತ್ತನೇ ಲೆವೆಲ್ಲು ಹದಿನಾಲ್ಕು ತಿಂಗಳ ಹಿಂದಿನದು. "ಒತ್ತಿದ್ದು ತಡ", "ಬಿಟ್ಟದ್ದು ತಡ", "ಒತ್ತಿದ್ದು ತಡ", ಪುಟಪುಟದಲ್ಲೂ ನನ್ನದೇ ಕೈಬರಹ. ಆ ಹದಿನಾಲ್ಕು ತಿಂಗಳಲ್ಲಿ ಅಕ್ಕ ಎರಡು ಸಲ ಕನ್ನಡಕ ಬದಲಾಯಿಸಿದ್ದಳು, ದಾರ ಸೂಜಿಯ ಕಣ್ಣಿಗೆ ಹೋಗುತ್ತಿಲ್ಲ ಎಂದು. ಕತ್ತರಿ ಮೊಂಡಾಗಿದೆ ಎಂದು ಸಾಣೆ ಹಿಡಿಸಿದ್ದಳು, ಆಮೇಲೆ ಹೊಸ ಕತ್ತರಿಯನ್ನೇ ತಂದಿದ್ದಳು, ಅದೂ ಸರಿಯಿಲ್ಲ ಎಂದಿದ್ದಳು. ಡಬ್ಬಿಯ ಮುಚ್ಚಳ ತೆಗೆಯಲು ಭಾವನನ್ನು ಕರೆಯುತ್ತಿದ್ದಳು. ನಾವು ಅದನ್ನು ಗಂಡನಿಗೆ ಕೊಟ್ಟ ಮರ್ಯಾದೆ ಎಂದು ತಮಾಷೆ ಮಾಡುತ್ತಿದ್ದೆವು.

ಸಂಜೆ ಮನೆಗೆ ಹೋಗಿ ನಾನು ಮಾಡಿದ್ದು ಒಳ್ಳೆಯ ಕೆಲಸವಲ್ಲ. ಬಾಯಿಬಿಟ್ಟು ಕೇಳುವ ಬದಲು, ಹೊಸ ಲೆವೆಲ್ಲು ಎಂದು ಸುಳ್ಳು ಹೇಳಿ ನೂರ ಐವತ್ತನೆಯದನ್ನು ಅವಳ ಕೈಗೆ ಕೊಟ್ಟೆ. ಒಂದೂವರೆ ವರ್ಷದ ಹಿಂದೆ ಅವಳು ನಾಲ್ಕನೇ ಸಲಕ್ಕೆ ದಾಟಿದ್ದ ಲೆವೆಲ್ಲು. ಹನ್ನೊಂದು ಸಲ ಬಿದ್ದಳು. ಅವಳು ಆಡುವಾಗ ನಾನು ಮೊದಲ ಬಾರಿಗೆ ಪರದೆ ಬಿಟ್ಟು ಕೈ ನೋಡಿದೆ. ಬಲಗೈ ಹೆಬ್ಬೆರಳ ಬುಡದಲ್ಲಿ ಮಾಂಸ ಕರಗಿ ಗುಳಿ ಬಿದ್ದಿತ್ತು. ತೋರುಬೆರಳಿಗೂ ಹೆಬ್ಬೆರಳಿಗೂ ನಡುವಿನ ಚರ್ಮ ಹಳೆಯ ಕೈಚೀಲದಂತೆ ಜೋತಿತ್ತು. ಚರ್ಮದಡಿ ಏನೋ ಹುಳ ಹರಿದ ಹಾಗೆ ಮಿಡಿಯುತ್ತಿತ್ತು.

ಅಕ್ಕ ಫೋನನ್ನು ಬೋರಲು ಹಾಕಲಿಲ್ಲ. ಹಾಗೇ ಕೆಳಗಿಟ್ಟಳು.

"ಇದು ನಾನು ಆಡಿದ್ದೇ ಅಲ್ವಾ?"

ಹೌದು ಎಂದೆ.

"ಆಗ ದಾಟಿದ್ದೆ."

ಹೌದು ಎಂದೆ. ಅವಳು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಇನ್ನೊಂದು ಕೈಯಿಂದ ಮುಚ್ಚಿದಳು. ಅವಳಿಗೂ ಗೊತ್ತಿತ್ತು, ಎಷ್ಟೋ ತಿಂಗಳಿಂದ. ಗಿರಾಕಿಗಳ ಮುಂದೆ ಕೈ ಜಾರಿದಾಗ ಹಾಳು ಸೂಜಿ ಎಂದು ಬಯ್ದುಕೊಂಡು ಸುಮ್ಮನಾಗಿದ್ದಳು.

ಮೊದಲು ಮೂಳೆ ಡಾಕ್ಟರು. ಅವರು ಹೊಲಿಗೆಯವರಿಗೆ ಇದೆಲ್ಲ ಸಾಮಾನ್ಯ ಎಂದು ಮಣಿಕಟ್ಟಿಗೆ ಪಟ್ಟಿ ಕಟ್ಟಿ ಆರು ವಾರ ಕಳೆದರು. ಆಮೇಲೆ ನರದ ಡಾಕ್ಟರು. ಅಲ್ಲಿ ತೋಳಿಗೆ, ಕಾಲಿಗೆ, ಕೊನೆಗೆ ನಾಲಿಗೆಗೂ ಸೂಜಿ ಚುಚ್ಚಿ ಯಂತ್ರದಲ್ಲಿ ನೋಡಿದರು. ಜೀವನವೆಲ್ಲ ಸೂಜಿ ಹಿಡಿದವಳಿಗೆ ಈಗ ಸೂಜಿ ತನ್ನ ಸೇಡು ತೀರಿಸಿಕೊಳ್ಳುತ್ತಿದೆ ಎಂದು ಅಕ್ಕ ನರ್ಸಿಗೆ ಹೇಳಿ ನಗಿಸಿದಳು. ನರ್ಸು ಮೊದಲು ನಕ್ಕು, ಆಮೇಲೆ ಯಂತ್ರ ನೋಡಿ ನಗು ನಿಲ್ಲಿಸಿದ್ದನ್ನು ನಾನು ಗಮನಿಸಿದೆ.

ಆ ಡಾಕ್ಟರು ವಯಸ್ಸಾದ ಹೆಂಗಸು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರಲ್ಲ. ಮೈಯ ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ, ಕಾರಣ ಗೊತ್ತಿಲ್ಲ, ನಿಲ್ಲಿಸುವ ಮದ್ದಿಲ್ಲ ಎಂದರು. ಕೈಯಿಂದ ಶುರುವಾದದ್ದು ಕಾಲಿಗೆ, ನಾಲಿಗೆಗೆ, ಗಂಟಲಿಗೆ, ಕೊನೆಗೆ ಉಸಿರಿಗೆ ಬರುತ್ತದೆ. ಬುದ್ಧಿಗೆ ಬರುವುದು ಅಪರೂಪ. ಎಲ್ಲ ತಿಳಿಯುತ್ತಿರುತ್ತದೆ.

ಯಾವಾಗ ಶುರುವಾಯಿತು, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ಅವರು ಕೇಳಿದರು. ಅಕ್ಕ ಭಾವನ ಮುಖ ನೋಡಿದಳು, ಭಾವ ನೆಲ ನೋಡಿದರು. ನಾನು ಫೋನು ತೆಗೆದು ಗ್ರಾಫಣ್ಣನ ಗೆರೆಯನ್ನು ಮೇಜಿನ ಮೇಲಿಟ್ಟು, ಅದು ಏನೆಂದು ವಿವರಿಸಿದೆ. ಡಾಕ್ಟರು ಕನ್ನಡಕ ಹಣೆಗೆ ಏರಿಸಿ ಬಹಳ ಹೊತ್ತು ನೋಡಿದರು. ಇಷ್ಟು ಕರಾರುವಾಕ್ಕಾದ ದಾಖಲೆ ತಮ್ಮ ಕೈಗೆ ಎಂದೂ ಬಂದಿರಲಿಲ್ಲ ಎಂದರು. ಅವರ ಪೆನ್ನಿನ ತುದಿ ಗೆರೆಯ ಮೇಲೆ ಹೋಗುತ್ತ, ಗೆರೆ ನಿಂತ ಕಡೆಯಲ್ಲಿ ನಿಲ್ಲದೆ, ಅದೇ ಇಳಿಜಾರಿನಲ್ಲಿ ಗಾಳಿಯಲ್ಲಿ ಮುಂದಕ್ಕೆ ಸರಿದು ಫೋನಿನ ಅಂಚಿಗೆ ತಾಗಿತು. ಆಮೇಲೆ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಅದನ್ನು ಅಕ್ಕನೂ ನೋಡಿದಳು.

ಬಸ್ ಸ್ಟಾಪಿನಲ್ಲಿ ಮೂವರೂ ಕಲ್ಲು ಬೆಂಚಿನ ಮೇಲೆ ಕೂತೆವು. ಎರಡು ಬಸ್ಸು ಬಂದು ಹೋದವು. ಭಾವ ನೀರು ತರುತ್ತೇನೆಂದು ಎದ್ದು ಹೋದಾಗ, ನನ್ನ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಅಕ್ಕನ ಮುಂದೆ ಹೇಳಿಬಿಟ್ಟೆ. ವಾರ ವಾರ ಅವಳೆದುರು ಕೂತು ಚೌಕದ ಲೆಕ್ಕದಲ್ಲಿ ಬರೆದುಕೊಂಡವಳು ನಾನು. ಹದಿನಾಲ್ಕು ತಿಂಗಳು ಬರೆದುಕೊಂಡೆ, ಒಂದು ದಿನವೂ ಓದಲಿಲ್ಲ.

"ಮೊದ್ಲೇ ಗೊತ್ತಾಗಿದ್ರೆ ಏನ್ ಮಾಡ್ತಿದ್ದೆ?" ಎಂದಳು ಅಕ್ಕ.

ಏನೂ ಇಲ್ಲ ಎಂದೆ.

"ಮತ್ತೆ ಸುಮ್ನಿರು. ಹದಿನಾಲ್ಕು ತಿಂಗ್ಳು ನೆಮ್ಮದಿಯಾಗಿದ್ವಲ್ಲ, ಅದೂ ಬ್ಯಾಡ್ವಾ ನಿಂಗೆ?"

ನನಗೆ ಸಮಾಧಾನ ಮಾಡಲು ಆಡಿದ ಮಾತು. ಆ ಸಮಾಧಾನ ಮನೆ ಮುಟ್ಟುವವರೆಗೂ ಉಳಿಯಲಿಲ್ಲ.

ಆಫೀಸಿನಲ್ಲಿ ನೂರ ಎಂಬತ್ತರಿಂದ ಇನ್ನೂರ ತೊಂಬತ್ತರವರೆಗೆ ಎಲ್ಲವನ್ನೂ ಮತ್ತೆ ಮಾಡಬೇಕು ಎಂದು ತೀರ್ಮಾನವಾಯಿತು. ವಿಷಯ ತಿಳಿದ ಗ್ರಾಫಣ್ಣ ರಜೆ ತೆಗೆದುಕೊಳ್ಳಿ ಎಂದ, ನಾನೇ ಬೇಡವೆಂದೆ. ಹೊಸ ಅಳತೆಗೋಲಾಗಿ ಮೂವರು ಪರೀಕ್ಷಕರನ್ನು ಕೊಟ್ಟರು. ಅವರ ಹೆಬ್ಬೆರಳು ಮೆಷಿನ್ನಿನ ಹಾಗೆ. ಅವರು ಬಿದ್ದಾಗ ಮರಿಗೆ ಬಯ್ಯುವುದಿಲ್ಲ, ಒಂದು ಪಟ್ಟಿಯಲ್ಲಿ ಸಂಖ್ಯೆ ತುಂಬುತ್ತಾರೆ. ನಾನು ಗುಂಡಿ ಅಗಲ ಮಾಡುತ್ತ ಹೋದೆ. ಆಟ ಮತ್ತೆ ಚೇತರಿಸಿಕೊಂಡಿತು, ಬಿಟ್ಟುಹೋದವರು ಮರಳಿ ಬಂದರು. ಒಂದು ಮಧ್ಯಾಹ್ನ ಕೇಕು ಕತ್ತರಿಸಿದರು. ನನ್ನ ಪಾಲಿನ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ಅಕ್ಕನಿಗೆ ತಿನ್ನಿಸಿದೆ. ಅಷ್ಟು ಹೊತ್ತಿಗೆ ಚಮಚ ಅವಳ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

ಅವಳಿಗೆ ಆಟ ತಪ್ಪಿಸಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ಅವಳ ಫೋನಿನಲ್ಲಿ ಬೇರೆಯೇ ಒಂದು ಪ್ರತಿ ಹಾಕಿ, ಪ್ರತಿ ವಾರ ಗುಂಡಿಗಳನ್ನು ಕಿರಿದು ಮಾಡುತ್ತಿದ್ದೆ. ಅವಳು ಮೂರು ಸಲ ಬಿದ್ದು ನಾಲ್ಕಕ್ಕೆ ದಾಟುವಷ್ಟು. ಅಂಗಡಿಗೆ ಇನ್ನೂ ಹೋಗುತ್ತಿದ್ದಳು. ಹೊಲಿಯಲಾಗದಿದ್ದರೂ ಎಡಗೈಯಲ್ಲಿ ಟೇಪು ಹಿಡಿದು ಅಳತೆ ತೆಗೆದು, ಹೊಲಿಯುವುದನ್ನು ಬೇರೆ ಅಂಗಡಿಗೆ ಕಳಿಸುತ್ತಿದ್ದಳು. ಪಕ್ಕದ ಕೀಲಿ ಮಾಡುವವನಿಗೂ ನಮ್ಮ ಆಟದ ಹುಚ್ಚು. ಒಂದು ದಿನ ಅವನು, ನಿಮ್ಮ ತಂಗಿಗೆ ಕರುಣೆ ಇಲ್ಲ, ಇನ್ನೂರೈದನೇ ಲೆವೆಲ್ಲಿನಲ್ಲಿ ನಾಲ್ಕು ದಿನದಿಂದ ಹಲ್ಲು ಕಚ್ಚಿಕೊಂಡು ಕೂತಿದ್ದೇನೆ ಎಂದು ಗೋಳಾಡಿದನಂತೆ. ಅಕ್ಕ ಅದನ್ನು ಹಿಂದಿನ ಭಾನುವಾರವೇ ದಾಟಿದ್ದಳು. ಅವನ ಫೋನು ಇಸಿದುಕೊಂಡು ನೋಡಿದಳು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಎರಡು ಆಟ ಇದ್ಯಾ? ನಂಗೊಂದು, ಊರಿಗೊಂದು?"

ಹೌದು ಎಂದೆ.

"ಬೀಳ್ಸು, ಪರ್ವಾಗಿಲ್ಲ. ನೂರ್ ಸಲ ಬೀಳ್ತೀನಿ. ನಾನ್ ದಾಟ್ದೆ ಅಂತ ನನ್ನನ್ನೇ ನಂಬ್ಸಿದ್ಯಲ್ಲ, ಅದಕ್ಕೇನ್ ಹೇಳ್ಲಿ?"

ದನಿ ಏರಿಸಲಿಲ್ಲ. ಅಂದು ಊಟ ತಾನೇ ಮಾಡುತ್ತೇನೆಂದು ಹಟ ಹಿಡಿದು, ತಟ್ಟೆಯ ಮೇಲೆ ಬಗ್ಗಿ ಮುಕ್ಕಾಲು ಗಂಟೆ ಕೂತು ತಿಂದಳು. ನಾನೂ ಭಾವನೂ ತಿಂದು ಮುಗಿಸಿ, ಏಳಲೂ ಆಗದೆ, ನೋಡಲೂ ಆಗದೆ ಕೂತಿದ್ದೆವು.

ಅಲ್ಲಿಂದ ಅವಳ ಫೋನಿನಲ್ಲಿ ಎಲ್ಲರ ಆಟವೇ ಇತ್ತು. ಹೊಸದಾಗಿ ಮಾಡಿದ ನೂರ ಎಂಬತ್ತೊಂದು, ಎಂಬತ್ತೆರಡನ್ನು ಹೇಗೋ ದಾಟಿದಳು. ನೂರ ಎಂಬತ್ತಮೂರರಲ್ಲಿ ಸಿಕ್ಕಿಕೊಂಡಳು. ಹೆಬ್ಬೆರಳು ಹೋಗಿ ತೋರುಬೆರಳಾಯಿತು, ತೋರುಬೆರಳು ಹೋಗಿ ಮುಷ್ಟಿಯ ಗೆಣ್ಣಾಯಿತು. ಮುಷ್ಟಿಯಿಂದ ಒತ್ತಿದರೆ ಫೋನು ಜಾರುತ್ತಿತ್ತು. ಒಂದು ಶನಿವಾರ ಭಾವ ಕೆಲಸದ ಚೀಲದಿಂದ ಹಳೆಯ ಲಿಫ್ಟಿನ ಗುಂಡಿಯೊಂದನ್ನು ತಂದರು. ಹಿತ್ತಾಳೆಯದು, ಅಂಗೈಯಗಲ, ಮೇಲ್ಮುಖವಾದ ಬಾಣದ ಗುರುತು ಸವೆದಿತ್ತು. ಅದನ್ನು ಮರದ ಹಲಗೆಗೆ ಕೂರಿಸಿ, ತಂತಿ ಎಳೆದು ಫೋನಿಗೆ ಸೇರಿಸಿದರು. ನನ್ನನ್ನು ಕೆಲವು ವೈರುಗಳ ವಿಚಾರ ಕೇಳಿದರು ಅಷ್ಟೇ, ಉಳಿದದ್ದೆಲ್ಲ ಅವರೇ ಮಾಡಿದ್ದು. ಅಕ್ಕ ಅದರ ಮೇಲೆ ಅಂಗೈ ಊರಿದರೆ ಮರಿ ನೆಗೆಯುತ್ತಿತ್ತು.

"ಹದಿನೈದು ವರ್ಷ ಆಯ್ತು ಮದ್ವೆ ಆಗಿ, ಇವತ್ತು ನೋಡು ನಂಗೇಂತ ಒಂದು ಲಿಫ್ಟು ತಂದ್ರು" ಎಂದಳು ಅಕ್ಕ. ಭಾವನ ಕಿವಿ ಕೆಂಪಾಯಿತು.

ಮೂರನೇ ಭಾನುವಾರ ಅವಳು ನೂರ ಎಂಬತ್ತಮೂರನ್ನು ದಾಟಿದಳು. ಯಾರೂ ಗುಂಡಿ ಕಿರಿದು ಮಾಡಿರಲಿಲ್ಲ, ಯಾರೂ ಕೈ ಹಾಕಿರಲಿಲ್ಲ. ಅರವತ್ತೆರಡನೇ ಸಲ. ಕೀಲಿ ಮಾಡುವವನಿಗೆ ಫೋನು ಮಾಡಿಸಿ ಹೇಳಿದಳು. ಅವನಿಗೆ ಅವಳ ಮಾತು ಅರ್ಥವಾಗಲಿಲ್ಲ, ಏನು, ಏನು ಎಂದು ಮತ್ತೆ ಮತ್ತೆ ಕೇಳಿದ. ನಾಲಿಗೆ ಅಷ್ಟು ಹೊತ್ತಿಗೆ ದಪ್ಪವಾಗತೊಡಗಿತ್ತು. ನಾನು ಫೋನು ತೆಗೆದುಕೊಂಡು ಅವಳು ಹೇಳಿದ್ದನ್ನು ಬಿಡಿಸಿ ಹೇಳಿದೆ.

ನೂರ ಎಂಬತ್ತನಾಲ್ಕನ್ನು ಅವಳು ದಾಟಲೇ ಇಲ್ಲ. ಅಂಗೈ ಹೋಗಿ ಮೊಣಕೈಯಾಯಿತು. ಮೊಣಕೈಯೂ ಮೇಜಿನ ಮೇಲೆ ಇಟ್ಟ ಕಡೆ ಇಟ್ಟಂತೆ ಉಳಿಯತೊಡಗಿತು. ಅಂಗಡಿಯ ಬಾಗಿಲು ಎಳೆದೆವು. ಭಾವ ಲಿಫ್ಟಿನ ಗುಂಡಿಯನ್ನು ಬಿಚ್ಚಿ ಎಲ್ಲೋ ಇಟ್ಟರು, ಎಲ್ಲಿಟ್ಟಿರೆಂದು ನಾನು ಕೇಳಲಿಲ್ಲ.

ಆಮೇಲೆ ಅಕ್ಕನೇ ಒಂದು ದಾರಿ ಹೇಳಿದಳು. ಫೋನನ್ನು ಅವಳ ಕಣ್ಣಿನ ನೇರಕ್ಕೆ ನಿಲ್ಲಿಸುವುದು, ಅವಳು "ಹೂಂ" ಎಂದಾಗ ನಾನು ಒತ್ತುವುದು, ಮತ್ತೆ "ಹೂಂ" ಎಂದಾಗ ಬಿಡುವುದು. ಅವಳ ತಲೆಯೊಳಗೆ ಲೆಕ್ಕ ಸರಿಯಾಗಿತ್ತು, ಕಣ್ಣು ಸರಿಯಾಗಿ ಗುಂಡಿಯ ಅಂಚಿಗೆ ಹೋಗುತ್ತಿತ್ತು. ಆದರೆ ಲೆಕ್ಕ ಗಂಟಲಿಗೆ ಬಂದು, ಗಂಟಲಿನಿಂದ ದನಿಯಾಗಿ, ದನಿ ನನ್ನ ಕಿವಿಗೆ ಬಂದು, ನಾನು ಒತ್ತುವಷ್ಟರಲ್ಲಿ ಮರಿ ಗುಂಡಿಯೊಳಗಿರುತ್ತಿತ್ತು. ಭಾನುವಾರಕ್ಕೆ ನಲವತ್ತು ಸಲ, ಐವತ್ತು ಸಲ. ನಾನೇ ಜೋಡಿಸಿದ ಲೆವೆಲ್ಲು, ಕಣ್ಣು ಮುಚ್ಚಿಕೊಂಡು ದಾಟಬಲ್ಲೆ. ಅವಳ ದನಿಗಾಗಿ ಕಾದು ಕಾದು ಬೀಳಿಸುತ್ತಿದ್ದೆ. ಬಿದ್ದಾಗ ಅವಳು ಬಯ್ಯುತ್ತಿದ್ದಳು, ಆದರೆ ಆ ಬಯ್ಗುಳ ಈಗ ಬರೀ ಉಸಿರು.

ಒಂದು ಭಾನುವಾರ ನನ್ನಿಂದ ತಡೆಯಲಾಗಲಿಲ್ಲ. ಆ ದಿನ ಅವಳ ಮುಖ ಬೆಳಿಗ್ಗೆಯಿಂದ ಬಿಳಿಚಿಕೊಂಡಿತ್ತು. ಮೂವತ್ತು ಸಲ ಬಿದ್ದಾದ ಮೇಲೆ, ಒಂದು ಸಲ ಅವಳು ಹೂಂ ಅನ್ನುವುದಕ್ಕೆ ಕೂದಲೆಳೆಯಷ್ಟು ಮೊದಲು ನಾನು ಒತ್ತಿದೆ. ಮರಿ ದಾಟಿತು. ಮುಂದಿನದಕ್ಕೂ ಹಾಗೇ ಮಾಡಿದೆ. ಅದರ ಮುಂದಿನದಕ್ಕೂ. ಲೆವೆಲ್ಲು ಮುಗಿದು ಪರದೆಯ ಮೇಲೆ ನಕ್ಷತ್ರಗಳು ಉದುರಿದವು, ಗಂಟೆ ಬಾರಿಸಿತು. ಭಾವ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದು, ದಾಟಿದಳಾ ಎಂದು ಕೇಳಿದರು.

ಅಕ್ಕ ಪರದೆಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಅವಳ ಕತ್ತು ತಿರುಗಲು ಹೊತ್ತು ಹಿಡಿಯುತ್ತಿತ್ತು, ಆದರೂ ಪೂರ್ತಿ ತಿರುಗಿಸಿ ನೋಡಿದಳು. ಆಮೇಲೆ ಏನೋ ಹೇಳಿದಳು. ನನಗೆ ತಿಳಿಯಲಿಲ್ಲ. ಎರಡನೆಯ ಸಲ ಹೇಳಿದಾಗ ತಿಳಿಯಿತು.

"ಸಾಕು. ಇಟ್ಬಿಡು."

ಅದಾದ ಮೇಲೆ ಅವಳು ಆಡಲಿಲ್ಲ. ಮಾರನೇ ಭಾನುವಾರ ನಾನು ಫೋನು ತಂದಾಗ ಕಣ್ಣು ಮುಚ್ಚಿಕೊಂಡಳು. ಅದರ ಮಾರನೇ ಭಾನುವಾರವೂ. ಮೂರನೆಯ ಸಲ ನಾನು ತರಲಿಲ್ಲ.

ಇದೆಲ್ಲ ಆಗಿ ಏಳು ತಿಂಗಳು. ಈಗ ಅವಳಿಗೆ ದನಿಯೂ ಇಲ್ಲ. ಊಟ ಹೊಟ್ಟೆಗೆ ಹಾಕಿದ ಕೊಳವೆಯಲ್ಲಿ ಹೋಗುತ್ತದೆ. ಹೌದು ಅನ್ನಲು ಕಣ್ಣು ಒಮ್ಮೆ ಮುಚ್ಚುತ್ತಾಳೆ, ಅಲ್ಲ ಅನ್ನಲು ಎರಡು ಸಲ. ಹಗಲು ಒಬ್ಬ ದಾದಿ ಬರುತ್ತಾಳೆ. ಭಾವ ಕಟ್ಟಡಗಳ ಕೊಳವೆಯಲ್ಲಿ ಮೊದಲಿನ ಹಾಗೇ ಇಳಿಯುತ್ತಾರೆ, ಹತ್ತುತ್ತಾರೆ. ನಾನು ವಾರಕ್ಕೆ ಎರಡು ಲೆವೆಲ್ ಕೊಡುತ್ತೇನೆ. ನಾಲ್ಕುನೂರು ದಾಟಿದೆ. ಗ್ರಾಫಣ್ಣನ ಗೆರೆ ಮೇಲಕ್ಕೇ ಹೋಗುತ್ತಿದೆ, ಅವನು ಅದನ್ನು ನನಗೆ ತೋರಿಸುವುದನ್ನು ಬಿಟ್ಟಿದ್ದಾನೆ.

ಹೋದ ಭಾನುವಾರ ಬೆಳಿಗ್ಗೆ ಅವಳ ತಲೆ ಬಾಚುತ್ತ, ಆ ದಿನ ಮೊದಲೇ ಒತ್ತಿದ್ದು ನಾನು, ತಪ್ಪಾಯಿತು ಎಂದು ಹೇಳಿದೆ. ಇಷ್ಟು ದಿನ ಹೇಳಿರಲಿಲ್ಲ. ಅವಳ ಕಣ್ಣು ಮುಚ್ಚಿತ್ತು. ನಿದ್ದೆಯೋ, ಹೌದು ಎಂದದ್ದೋ, ನನ್ನನ್ನು ನೋಡುವುದು ಬೇಡವೆಂದೋ ತಿಳಿಯಲಿಲ್ಲ. ಮಂಚದ ಆ ಕಡೆ ಅವಳ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದ ಭಾವ ತಲೆ ಎತ್ತಲಿಲ್ಲ.

"ಬಿಡಮ್ಮ, ಅವ್ಳಿಗೆ ಕೇಳ್ಸಿರತ್ತೆ" ಎಂದರು.

ಸ್ವಲ್ಪ ಹೊತ್ತಿಗೆ ಅವಳು ಕಣ್ಣು ತೆರೆದು ಕಿಟಕಿಯ ಕಡೆ ನೋಡಿದಳು. ಆಮೇಲೆ ನನ್ನನ್ನು, ಮತ್ತೆ ಕಿಟಕಿಯನ್ನು. ಪರದೆ ಸರಿಸಬೇಕಾ ಎಂದು ಕೇಳಿದೆ. ಎರಡು ಸಲ ಮುಚ್ಚಿದಳು. ಬಿಸಿಲು ಜಾಸ್ತಿಯಾಯಿತಾ? ಎರಡು ಸಲ. ದಿಂಬು? ಎರಡು ಸಲ. ಬೆನ್ನು ನೋಯುತ್ತಿದೆಯಾ, ಶಖೆಯಾ, ಚಳಿಯಾ, ಯಾರಾದರೂ ಬರಬೇಕಾ, ನಾವು ಹೊರಗೆ ಹೋಗಬೇಕಾ? ಭಾವ ಅಕ್ಷರಗಳ ಹಲಗೆ ತಂದು ಒಂದೊಂದೇ ಅಕ್ಷರದ ಮೇಲೆ ಬೆರಳು ಓಡಿಸಿದರು. ಎರಡು ಅಕ್ಷರ ಆಗುವಷ್ಟರಲ್ಲಿ ಅವಳಿಗೆ ದಣಿವಾಗಿ ಕಣ್ಣು ತೇಲಿತು, ಆ ಎರಡರಿಂದ ಯಾವ ಮಾತೂ ಹುಟ್ಟಲಿಲ್ಲ. ಹನ್ನೊಂದು ಗಂಟೆಯವರೆಗೂ ನಾವಿಬ್ಬರು ಸರದಿಯಲ್ಲಿ ಕೇಳುತ್ತ ಹೋದೆವು. ಅವಳಿಗೆ ಏನು ಬೇಕಿತ್ತೋ ನಮಗೆ ತಿಳಿಯಲೇ ಇಲ್ಲ.